ಹಾರ್ಮೋನಿಗೆ ಅಡ್ಡ ನಿಲ್ಲುವ ಸಣ್ಣ ಅಣು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಇವತ್ತಿನ ವಿಷಯದ ಹೆಸರು ಕೇಳಿದರೆ ಇದು ಯಾವುದೋ ದೊಡ್ಡ ಊರಿನ ಪ್ರಯೋಗಾಲಯದ ಮಾತು ಅನಿಸಬಹುದು. ಹಾಗೇನಿಲ್ಲ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಮಾಲಾ–ಎನ್ ಮಾತ್ರೆಯ ಪಕ್ಕದಲ್ಲೇ ‘ಛಾಯಾ’ ಎಂಬ ಇನ್ನೊಂದು ಮಾತ್ರೆಯ ಪೊಟ್ಟಣ ಇರುತ್ತದೆ. ಎದೆಯಲ್ಲಿ ಗಂಟು ಕಾಣಿಸಿ, ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದ ಎಷ್ಟೋ ಹೆಣ್ಣುಮಕ್ಕಳ ಮನೆಯಲ್ಲಿ ‘ಟಮಾಕ್ಸಿಫೆನ್’ ಮಾತ್ರೆ ಇರುತ್ತದೆ. ಒಂದು ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳುವುದು, ಇನ್ನೊಂದು ಕ್ಯಾನ್ಸರ್ ಮರಳದ ಹಾಗೆ ತಡೆಯುವುದು. ಕೆಲಸ ಬೇರೆ ಬೇರೆ ಅನಿಸಿದರೂ ಕುಲ ಒಂದೇ. ಎರಡೂ ಈಸ್ಟ್ರೋಜನ್ ಎಂಬ ಹಾರ್ಮೋನಿಗೆ ಅಡ್ಡ ನಿಲ್ಲುವ ಸಣ್ಣ ಅಣುಗಳು. ಇವನ್ನು ನುಂಗುವವರಿಗೆ ಇವು ಒಳಗೆ ಹೋಗಿ ಏನು ಮಾಡುತ್ತವೆ ಎಂಬುದನ್ನು ಅವರ ಭಾಷೆಯಲ್ಲಿ ಯಾರೂ ಹೇಳಿಲ್ಲ. ಹೇಳದೇ ಇದ್ದುದರಿಂದ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೇರಿದ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಬಹಳ ಕಳೆದುಕೊಂಡಿದ್ದಾರೆ. ಆ ಕಾರಣಕ್ಕೇ ಈ ವಿಷಯ ಆರಿಸಿಕೊಂಡೆ.

ಕತೆ ದನದ ಕೊಟ್ಟಿಗೆಯಿಂದ ಶುರುವಾಗುತ್ತದೆ. ಕರು ಹಾಕಿದ ಹಸುವಿನ ಅಂಡಾಶಯ ತೆಗೆದುಬಿಟ್ಟರೆ ಅದು ಬಹುಕಾಲ ಹಾಲು ಕೊಡುತ್ತದೆ ಎಂದು ಕೆಲವು ದೇಶಗಳ ದನಗಾರರಿಗೆ ಗೊತ್ತಿತ್ತು. ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಎಂಬ ಶಸ್ತ್ರವೈದ್ಯ ಇದನ್ನು ಕೇಳಿದ್ದ. ಅಂಡಾಶಯಕ್ಕೂ ಕೆಚ್ಚಲಿಗೂ ನಡುವೆ ಏನೋ ಸಂಬಂಧ ಇರಲೇಬೇಕು ಎಂದು ಅವನಿಗೆ ಹೊಳೆಯಿತು. ಸ್ತನ ಕ್ಯಾನ್ಸರ್ ಆಪರೇಷನ್ನಿಗೂ ಬಗ್ಗದ ಹಂತ ಮುಟ್ಟಿದ ಹೆಂಗಸರ ಅಂಡಾಶಯ ತೆಗೆದು ನೋಡಿದ. ಕೆಲವರ ಗಂಟು ಕರಗಿತು. 1896ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಈಸ್ಟ್ರೋಜನ್ ಎಂಬ ಹೆಸರು ಆಗ ಇನ್ನೂ ಹುಟ್ಟಿರಲಿಲ್ಲ. ಎಲ್ಲರಿಗೂ ಗುಣವಾಗದೆ ಕೆಲವರಿಗೆ ಮಾತ್ರ ಯಾಕೆ ಆಯಿತು ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರ ಇರಲಿಲ್ಲ. ಆ ಉತ್ತರಕ್ಕೆ ಅರವತ್ತು ವರ್ಷ ಹಿಡಿಯಿತು.

ಹಾರ್ಮೋನು ರಕ್ತದಲ್ಲಿ ಹರಿಯುವ ಸುದ್ದಿ. ಅಂಡಾಶಯದಲ್ಲಿ ಕೊಲೆಸ್ಟರಾಲಿನಿಂದ ತಯಾರಾದ ಈಸ್ಟ್ರೋಜನ್ ರಕ್ತದ ಜೊತೆ ಮೈಯ ಮೂಲೆ ಮೂಲೆಗೂ ಹೋಗುತ್ತದೆ. ಆದರೆ ಎಲ್ಲ ಅಂಗಗಳೂ ಅದರ ಮಾತು ಕೇಳುವುದಿಲ್ಲ. ಮೊಲೆ, ಗರ್ಭಚೀಲ, ಎಲುಬು ಕೇಳುತ್ತವೆ. ಮಾಂಸಖಂಡ ಅಷ್ಟಾಗಿ ಕೇಳುವುದಿಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ 1958ರ ಹೊತ್ತಿಗೆ ಇದರ ಗುಟ್ಟು ಬಿಡಿಸಿದರು. ವಿಕಿರಣ ಸೂಸುವ ಹೈಡ್ರೋಜನ್ ಬೆರೆಸಿ ತಯಾರಿಸಿದ ಈಸ್ಟ್ರೋಜನ್ನನ್ನು ಹೆಣ್ಣಿಲಿಗಳಿಗೆ ಚುಚ್ಚಿ, ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಅಳೆದರು. ಬೇರೆ ಅಂಗಗಳಲ್ಲಿ ಬಂದ ಹಾಗೇ ಹೋಯಿತು. ಗರ್ಭಚೀಲದಲ್ಲಿ ಹಿಡಿದು ನಿಂತಿತು. ಹಿಡಿದು ನಿಲ್ಲಿಸುವ ವಸ್ತುವೊಂದು ಅಲ್ಲಿದೆ ಎಂದಾಯಿತು. ಅದು ಒಂದು ಪ್ರೋಟೀನು. ಅದನ್ನೇ ಈಸ್ಟ್ರೋಜನ್ ಗ್ರಾಹಕ ಅನ್ನುತ್ತೇವೆ. ಗ್ರಾಹಕ ಇರುವ ಗಂಟು ಈಸ್ಟ್ರೋಜನ್ ಉಂಡು ಬೆಳೆಯುತ್ತದೆ. ಗ್ರಾಹಕ ಇಲ್ಲದ ಗಂಟಿಗೆ ಈಸ್ಟ್ರೋಜನ್ನಿನ ಹಂಗಿಲ್ಲ. ಬೀಟ್ಸನ್ ಕಂಡ ಆ ‘ಕೆಲವರು’ ಯಾರು ಎಂಬುದಕ್ಕೆ ಉತ್ತರ ಇಲ್ಲಿತ್ತು. ಇವತ್ತು ಆಸ್ಪತ್ರೆಯ ರಿಪೋರ್ಟಿನಲ್ಲಿ ‘ಇಆರ್ ಪಾಸಿಟಿವ್’, ‘ಇಆರ್ ನೆಗೆಟಿವ್’ ಎಂದು ಬರೆದಿರುತ್ತಾರಲ್ಲ, ಅದು ಇದೇ ಗ್ರಾಹಕದ ಲೆಕ್ಕ. ಆ ರಿಪೋರ್ಟಿನ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಗ್ರಾಹಕ ಗೊತ್ತಾದ ಮೇಲೆ ಅದನ್ನು ತಡೆಯುವ ಅಣು ಹುಡುಕಿದರು ಎಂದು ನೀವು ಭಾವಿಸಬಹುದು. ನಡೆದದ್ದು ಹೆಚ್ಚುಕಡಿಮೆ ಉಲ್ಟಾ. ಲಂಡನ್ನಿನ ಚಾರ್ಲ್ಸ್ ಡಾಡ್ಸ್ 1938ರಲ್ಲೇ ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಅಣು ತಯಾರಿಸಿದ್ದರು. ನೋಟಕ್ಕೆ ಅದು ಈಸ್ಟ್ರೋಜನ್ನಿನಂತೆ ಇಲ್ಲವೇ ಇಲ್ಲ, ಆದರೂ ಮೈಯೊಳಗೆ ಈಸ್ಟ್ರೋಜನ್ನಿನ ಕೆಲಸವನ್ನೇ ಮಾಡಿತು. ಅದರ ಎರಡು ಬೆಂಜೀನ್ ಉಂಗುರಗಳ ಜೊತೆ ಮೂರನೆಯದನ್ನು ಸೇರಿಸಿ, ಅದಕ್ಕೊಂದು ನೈಟ್ರೋಜನ್ ತುದಿಯ ಬಾಲ ಕಟ್ಟಿದಾಗ ಅಣುವಿನ ಗುಣವೇ ಬದಲಾಯಿತು: ಈಸ್ಟ್ರೋಜನ್ನಿಗೆ ಎದುರಾಳಿ ಹುಟ್ಟಿತು. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆ ತಯಾರಿಸಿದ ಐಸಿಐ 46,474 ಎಂಬ ಅಣು ಈ ಜಾತಿಯದು. ಗರ್ಭ ತಡೆಯುವ ಮಾತ್ರೆ ಆಗಲಿ ಎಂದು ಅದನ್ನು ಮಾಡಿದ್ದರು. ಇಲಿಗಳಲ್ಲಿ ಗರ್ಭ ತಡೆಯಿತು ಕೂಡ. ಹೆಂಗಸರಲ್ಲಿ ಮಾತ್ರ ಅಂಡೋತ್ಪತ್ತಿಯನ್ನು ಹೆಚ್ಚಿಸಿತು! ಗರ್ಭನಿರೋಧಕವಾಗಿ ಸೋತ ಆ ಅಣುವನ್ನು ಕೈಬಿಡಲು ಆರ್ಥರ್ ವಾಲ್‌ಪೋಲ್ ಒಪ್ಪಲಿಲ್ಲ. ಮುಂದೆ ಅದು ಕ್ಯಾನ್ಸರ್ ಕಡೆಗೆ ತಿರುಗಿತು; ಆ ದಾರಿಯಲ್ಲಿ ಕ್ರೇಗ್ ಜೋರ್ಡನ್ ಬಹಳ ಕೆಲಸ ಮಾಡಿದರು. ಅದೇ ಟಮಾಕ್ಸಿಫೆನ್. 1973ರಿಂದ ಬ್ರಿಟನ್ನಿನಲ್ಲಿ, 1977ರಿಂದ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಬಳಕೆಗೆ ಬಂತು. ಐದು ವರ್ಷ ದಿನವೂ ತೆಗೆದುಕೊಂಡ ಗ್ರಾಹಕ ಇರುವ ರೋಗಿಗಳಲ್ಲಿ, ಮುಂದಿನ ಹದಿನೈದು ವರ್ಷಗಳ ಅವಧಿಯಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು ಎಂಬುದು 2011ರಲ್ಲಿ ಅನೇಕ ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಸಿಕ್ಕ ಲೆಕ್ಕ. ಇಷ್ಟು ಜೀವ ಉಳಿಸಿದ, ಹಾರ್ಮೋನು ತಡೆಯುವ ಔಷಧ ಇನ್ನೊಂದಿದೆ ಎಂದು ನನಗನಿಸುವುದಿಲ್ಲ.

ಅದೇ ಕಾಲದಲ್ಲಿ ನಮ್ಮ ಲಖನೌದಲ್ಲೂ ಈ ಕೆಲಸ ನಡೆದಿತ್ತು. ಗೋಮತಿ ನದಿಯ ದಂಡೆಯ ಛತ್ತರ್ ಮಂಜಿಲ್ ಅರಮನೆಯಲ್ಲಿ 1951ರಲ್ಲಿ ಶುರುವಾದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಿತ್ಯಾನಂದ್ ಮತ್ತು ಅವರ ಸಂಗಡಿಗರು ಬೆಂಜೀನ್ ಉಂಗುರಗಳನ್ನು ‘ಕ್ರೋಮನ್’ ಎಂಬ ಚೌಕಟ್ಟಿಗೆ ಜೋಡಿಸಿ ಒಂದರ ಮೇಲೊಂದು ಅಣು ಮಾಡುತ್ತ ಹೋದರು. ಜೀವಶಾಸ್ತ್ರದ ಕಡೆಯಿಂದ ವಿ. ಪಿ. ಕಾಂಬೋಜ್ ಅವರಂಥವರು ಅವನ್ನು ಹೆಣ್ಣಿಲಿಗಳಲ್ಲಿ ಪರೀಕ್ಷಿಸಿದರು. ಗ್ರಾಹಕದ ಆಕಾರ ಆಗ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಣದ ಗೂಡಿಗೆ ಹೊಂದುವ ವಸ್ತುವನ್ನು ಕೈಯಂದಾಜಿನ ಮೇಲೆ ಕಡೆದ ಹಾಗೆ ಅವರ ಕೆಲಸ. 67/20 ಎಂಬ ಸಂಕೇತದ ಅಣು ಗೆದ್ದಿತು. ಅದಕ್ಕೆ ಸೆಂಟ್‌ಕ್ರೋಮನ್ ಎಂದು ಹೆಸರಾಯಿತು. ಅಂತರರಾಷ್ಟ್ರೀಯ ಹೆಸರು ಆರ್ಮೆಲಾಕ್ಸಿಫೀನ್. ವರ್ಷಗಟ್ಟಲೆ ಪರೀಕ್ಷೆ ನಡೆದು, 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. ಸ್ಟೀರಾಯ್ಡ್ ಅಲ್ಲದ, ವಾರಕ್ಕೊಮ್ಮೆ ನುಂಗುವ ಗರ್ಭನಿರೋಧಕ ಮಾತ್ರೆ ಜಗತ್ತಿನಲ್ಲಿ ಇದೇ ಮೊದಲು. ಇಂಗ್ಲೆಂಡಿನ ಅಣು ಗರ್ಭನಿರೋಧಕವಾಗಿ ಸೋತು ಕ್ಯಾನ್ಸರಿನ ಔಷಧವಾಯಿತು. ಅದೇ ಕುಲದ ನಮ್ಮ ಅಣು ಗರ್ಭನಿರೋಧಕವಾಗಿಯೇ ಗೆದ್ದಿತು. ನಿತ್ಯಾನಂದ್ 2024ರ ಜನವರಿಯಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡರು. ಛಾಯಾ ಮಾತ್ರೆಯಲ್ಲಿ ಇರುವುದೂ ಇದೇ ಅಣು; ಅವರ ಹೆಸರು ಹೇಳದೆ ಅದನ್ನು ಕೊಡಬಾರದು ಎಂದು ನನಗೆ ಅನಿಸುತ್ತದೆ.

ಹಾಗಾದರೆ ಈ ಅಣುಗಳು ಒಳಗೆ ಹೋಗಿ ಮಾಡುವುದೇನು? ಇದು ಕಣ್ಣಿಗೆ ಕಂಡದ್ದು 1997 ಮತ್ತು 1998ರಲ್ಲಿ. ಗ್ರಾಹಕದ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ, ಅದರ ಆಕಾರವನ್ನು ಪರಮಾಣು ಪರಮಾಣುವಾಗಿ ತೆಗೆದರು. ಗ್ರಾಹಕದಲ್ಲಿ ಹಾರ್ಮೋನು ಕೂಡುವ ಭಾಗ ಹನ್ನೆರಡು ಸುರುಳಿಗಳನ್ನು ಒತ್ತೊತ್ತಾಗಿ ಪೇರಿಸಿದಂತಿದೆ. ನಡುವೆ ಒಂದು ಗೂಡು. ಆ ಗೂಡು ಹಾರ್ಮೋನಿನ ಗಾತ್ರದ ಹತ್ತಿರ ಹತ್ತಿರ ಎರಡು ಪಟ್ಟು ದೊಡ್ಡದು. ಈಸ್ಟ್ರೋಜನ್ ಅಲ್ಲದ ಎಷ್ಟೋ ಅಣುಗಳು ಅದರೊಳಗೆ ನುಗ್ಗಲು ಈ ಸಡಿಲವೇ ಕಾರಣ. ಹಾರ್ಮೋನು ಒಳಗೆ ಕೂತ ಕೂಡಲೇ ಹನ್ನೆರಡನೆಯ ಸುರುಳಿ ಮುಚ್ಚಳದ ಹಾಗೆ ಗೂಡಿನ ಮೇಲೆ ಬಂದು ಕೂಡುತ್ತದೆ.

ಸವಣೂರಿನ ಎಲೆ ಹಾಕುವವರಿಗೆ ಎಲೆ–ಅಡಿಕೆ ಡಬ್ಬಿಯನ್ನು ಪರಿಚಯಿಸಬೇಕಿಲ್ಲ. ಅಡಿಕೆ, ಸುಣ್ಣದ ಕಾಯಿ ಇಟ್ಟರೆ ಮುಚ್ಚಳ ಸರಿಯಾಗಿ ಕೂಡುತ್ತದೆ. ಅದೇ ಡಬ್ಬಿಯಲ್ಲಿ ಅಡಕತ್ತರಿಯನ್ನು ತುರುಕಿದರೆ ಅದರ ಹಿಡಿಕೆ ಹೊರಗೆ ಚಾಚಿ ಮುಚ್ಚಳ ಕೂಡುವುದೇ ಇಲ್ಲ. ಟಮಾಕ್ಸಿಫೆನ್ನಿನ ನೈಟ್ರೋಜನ್ ಬಾಲ ಆ ಹಿಡಿಕೆಯ ಕೆಲಸ ಮಾಡುತ್ತದೆ. ಆರ್ಮೆಲಾಕ್ಸಿಫೀನಿಗೂ ಅಂಥದೇ ಬಾಲ ಇದೆ.

ಮುಚ್ಚಳ ಕೂಡಲಿಲ್ಲ ಅಂದರೆ ಏನು ಕೆಟ್ಟಿತು? ಇಲ್ಲಿದೆ ಇವತ್ತಿನ ವಿಷಯದ ಹೃದಯ. ಗ್ರಾಹಕ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಹಾರ್ಮೋನು ಹಿಡಿದ ಗ್ರಾಹಕ ಡಿಎನ್ಎ ಮೇಲೆ ಹೋಗಿ ಕೂತು, ಅಲ್ಲಿ ಸಹಾಯಕ ಪ್ರೋಟೀನುಗಳನ್ನು ಬರಮಾಡಿಕೊಳ್ಳಬೇಕು. ಅವು ಬಂದು ಅಂಟಿದರೆ ಮಾತ್ರ ಜೀನು ಚಾಲೂ ಆಗಿ ಕೋಶ ಬೆಳೆಯುತ್ತದೆ. ಮುಚ್ಚಳ ಸರಿಯಾಗಿ ಕೂತಾಗ ಅದರ ಬದಿಯಲ್ಲಿ ಒಂದು ಸಣ್ಣ ಕಾಲುವೆ ಏರ್ಪಡುತ್ತದೆ. ಸಹಾಯಕ ಪ್ರೋಟೀನಿನ ಒಂದು ಗಿಡ್ಡ ಸುರುಳಿ ಬಂದು ಅದರಲ್ಲಿ ಕೂಡುತ್ತದೆ. ಆ ಸುರುಳಿಯ ಗುರುತನ್ನು 1997ರಲ್ಲಿ ಮಾಲ್ಕಂ ಪಾರ್ಕರ್ ಅವರ ತಂಡ ಪತ್ತೆ ಮಾಡಿತು: ಒಂದು ಲ್ಯೂಸಿನ್, ಆಮೇಲೆ ಯಾವುದಾದರೂ ಎರಡು ಅಮೈನೋ ಆಮ್ಲ, ಮತ್ತೆ ಎರಡು ಲ್ಯೂಸಿನ್. ಲ್ಯೂಸಿನ್ ನೀರಿಗೆ ಒಗ್ಗದ, ಜಿಡ್ಡಿನ ಗುಣದ್ದು; ಕಾಲುವೆಯ ಒಳಮೈಯೂ ಅಂಥದ್ದೇ. ಹಾಗಾಗಿ ಎರಡೂ ಕಚ್ಚಿ ಹಿಡಿಯುತ್ತವೆ. ಟಮಾಕ್ಸಿಫೆನ್ ಒಳಗಿದ್ದಾಗ ಜಾಗ ತಪ್ಪಿದ ಹನ್ನೆರಡನೆಯ ಸುರುಳಿ ಸುಮ್ಮನೆ ತೇಲಾಡುವುದಿಲ್ಲ. ಹೋಗಿ ಅದೇ ಕಾಲುವೆಯಲ್ಲಿ ಅಡ್ಡ ಮಲಗುತ್ತದೆ. ಅದರ ಮೈಮೇಲೂ ಹೆಚ್ಚುಕಡಿಮೆ ಅಂಥದೇ ಲ್ಯೂಸಿನ್ ಸಾಲು ಇದೆ. ಗ್ರಾಹಕದ ಸ್ವಂತ ಅಂಗವೇ ಸಹಾಯಕರ ದಾರಿ ಕಟ್ಟಿಬಿಡುತ್ತದೆ. ಇಷ್ಟು ಪುಟ್ಟ ಅಣು ತನಗಿಂತ ನೂರೈವತ್ತು ಪಟ್ಟಿಗೂ ಹೆಚ್ಚು ತೂಕದ ಪ್ರೋಟೀನನ್ನು ಅದರದೇ ಕೈಯಿಂದ ತಡೆಯುವುದನ್ನು ಎಕ್ಸ್‌ರೇಯಿಂದ ತೆಗೆದ ಆ ಚಿತ್ರದಲ್ಲಿ ನೋಡಿದಾಗ ಆಗುವ ಸಂತೋಷ ನನಗೆ ಒಳ್ಳೆಯ ಕಾವ್ಯ ಓದಿದ ಸಂತೋಷಕ್ಕೆ ಕಡಿಮೆಯೇನಲ್ಲ.

ಸಹಾಯಕ ಪ್ರೋಟೀನುಗಳು ಎಲ್ಲ ಅಂಗಗಳಲ್ಲಿ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಹಾಗಾಗಿ ಟಮಾಕ್ಸಿಫೆನ್ ಮೊಲೆಯಲ್ಲಿ ಈಸ್ಟ್ರೋಜನ್ನನ್ನು ತಡೆದರೂ, ಮುಟ್ಟು ನಿಂತವರ ಎಲುಬಿನಲ್ಲಿ ಅದರ ಹಾಗೇ ವರ್ತಿಸಿ ಎಲುಬು ಕಾಯುತ್ತದೆ; ಗರ್ಭಚೀಲದ ಒಳಪದರದಲ್ಲೂ ಅದರ ಹಾಗೇ ವರ್ತಿಸಿ ಅಲ್ಲಿ ಕ್ಯಾನ್ಸರಿನ ಅಪಾಯವನ್ನು ತುಸು ಹೆಚ್ಚಿಸುತ್ತದೆ. ಮುಟ್ಟು ನಿಂತ ಮೇಲೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ರಕ್ತ ಕಾಣಿಸಿದರೆ ಕೂಡಲೇ ತೋರಿಸಿ ಎಂದು ಡಾಕ್ಟರು ಹೇಳುವುದು ಇದಕ್ಕೇ. ಲಖನೌದ ಅಣುವಿನ ಅರ್ಧಾಂಗವಾದ ಲೆವಾರ್ಮೆಲಾಕ್ಸಿಫೀನನ್ನು ವಿದೇಶಿ ಕಂಪನಿಯೊಂದು ವಯಸ್ಸಾದ ಹೆಂಗಸರ ಎಲುಬಿನ ಸವಕಳಿಗೆ ಪ್ರಯೋಗಿಸಿ, ಗರ್ಭಚೀಲದ ತೊಂದರೆ ಕಂಡು 1998ರಲ್ಲಿ ನಿಲ್ಲಿಸಿತು. ಯಾರಿಗೆ, ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದರ ಮೇಲೆ ಅದೇ ಅಣು ಗೆಳತಿಯೂ ಆಗುತ್ತದೆ, ಅಪಾಯವೂ ಆಗುತ್ತದೆ.

ಇನ್ನೊಂದು ತೊಡಕಿದೆ. ಕ್ಯಾನ್ಸರ್ ಕೋಶ ವರ್ಷಗಟ್ಟಲೆ ಔಷಧದ ನಡುವೆ ಬದುಕಿ ಉಪಾಯ ಕಲಿಯುತ್ತದೆ. ಗ್ರಾಹಕದ 537 ಅಥವಾ 538ನೆಯ ಅಮೈನೋ ಆಮ್ಲ ಬದಲಾಗಿಬಿಟ್ಟರೆ, ಗೂಡು ಖಾಲಿ ಇದ್ದರೂ ಮುಚ್ಚಳ ತಾನಾಗಿ ಕೂಡುತ್ತದೆ, ಹಾರ್ಮೋನಿಲ್ಲದೆಯೇ ಸಹಾಯಕರು ಬರುತ್ತಾರೆ. ಇಂಥ ಬದಲಾವಣೆ ಇರುವ ರೋಗಿಗಳಿಗೆ ಅಂತಲೇ, ಗ್ರಾಹಕವನ್ನೇ ನಾಶ ಮಾಡಿಸುವ ಎಲಾಸೆಸ್ಟ್ರಂಟ್ ಎಂಬ ಮಾತ್ರೆಗೆ 2023ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನು ಕೆಲವರು ಬೇರೆಯೇ ದಾರಿ ಹಿಡಿದರು. ಗೂಡಿನ ಗೊಡವೆಯೇ ಬೇಡ, ಸಹಾಯಕ ಬಂದು ಅಂಟುವ ಕಾಲುವೆಯನ್ನೇ ಮುಚ್ಚೋಣ ಎಂದರು. ಕೇಳಲು ಸುಲಭ, ಮಾಡಲು ಕಷ್ಟ. ಎರಡು ಪ್ರೋಟೀನು ಕೂಡುವ ಜಾಗ ಸಾಮಾನ್ಯವಾಗಿ ಅಗಲ, ಚಪ್ಪಟೆ. ಸಣ್ಣ ಅಣುವಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಹಾರ್ಮೋನು ಗ್ರಾಹಕದ ಕಾಲುವೆ ಮಾತ್ರ ಅದೃಷ್ಟಕ್ಕೆ ಗಿಡ್ಡ ಮತ್ತು ಆಳ. ಮೂರು ಲ್ಯೂಸಿನ್‌ಗಳ ಕೈ ಎಲ್ಲೆಲ್ಲಿ ಬರುತ್ತದೋ ಅಲ್ಲಲ್ಲಿಗೆ ಸರಿಯಾಗಿ ಮೂರು ಜಿಡ್ಡಿನ ಗುಂಪು ಚಾಚುವ ಚೌಕಟ್ಟು ಕಟ್ಟಿದರೆ ಸಾಕು. ಆದರೆ ಜಿಡ್ಡು ಹೆಚ್ಚಾದರೆ ಅಣು ನೀರಿನಲ್ಲಿ ಕರಗದು, ರಕ್ತದಲ್ಲಿ ಹೋಗದು. ಕಡಿಮೆಯಾದರೆ ಕಾಲುವೆಯಲ್ಲಿ ನಿಲ್ಲದು. ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಕಾಟ್ಸನೆಲೆನ್‌ಬೋಗನ್ ಈ ಚೌಕಟ್ಟುಗಳ ಮೇಲೆ ಬಹಳ ಕೆಲಸ ಮಾಡಿದರು. ಟೆಕ್ಸಾಸಿನಲ್ಲಿ ಗಣೇಶ ರಾಜ್, ರತ್ನ ವಾದ್ಲಮೂಡಿ, ಜಂಗ್–ಮೋ ಆನ್ ಅವರ ತಂಡ 2017ರಲ್ಲಿ ಇಆರ್‌ಎಕ್ಸ್–11 ಎಂಬ ಅಣುವನ್ನು ಪ್ರಕಟಿಸಿತು. ಟಮಾಕ್ಸಿಫೆನ್ನಿಗೆ ಬಗ್ಗದ ಗಂಟುಗಳನ್ನೂ ಅದು ಇಲಿಗಳಲ್ಲಿ ತಡೆಯಿತು. ಇಲಿಯಿಂದ ಮನುಷ್ಯರವರೆಗೆ ದಾರಿ ದೂರ. ಆದರೂ ಹಿರೇಕೆರೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಹುಡುಗಿ ಗ್ರಾಹಕದ ಆಕಾರದ ಚಿತ್ರಗಳನ್ನು ಇವತ್ತು ತನ್ನ ಮೊಬೈಲಿನಲ್ಲಿ ತಿರುಗಿಸಿ ನೋಡಬಹುದು. ಪ್ರೋಟೀನ್ ಡೇಟಾ ಬ್ಯಾಂಕ್ ಎಲ್ಲರಿಗೂ ಪುಕ್ಕಟೆ ತೆರೆದಿದೆ. 1960ರ ದಶಕದಲ್ಲಿ ನಿತ್ಯಾನಂದರಿಗೆ ಇಲ್ಲದ ಕಣ್ಣು ಇವಳಿಗಿದೆ.

ಈಗ ಛಾಯಾ ಮಾತ್ರೆಯ ವಿಷಯಕ್ಕೆ ಬರೋಣ. ಶಿಗ್ಗಾವಿಯ ಮೇಲೆ ಹಾಯುವ ಇದೇ ಪುಣೆ–ಬೆಂಗಳೂರು ಹೆದ್ದಾರಿಯನ್ನು ಹಿಡಿದು ಬೆಳಗಾವಿ, ಸಂಕೇಶ್ವರ ದಾಟಿದರೆ ಕಣಗಲಾ ಎಂಬ ಊರು. ಅಲ್ಲಿ ಕೇಂದ್ರ ಸರ್ಕಾರದ ಎಚ್ಎಲ್ಎಲ್ ಕಂಪನಿಯ ಕಾರ್ಖಾನೆ ಇದೆ; ಗರ್ಭನಿರೋಧಕ ಮಾತ್ರೆಗಳು ಅಲ್ಲಿ ತಯಾರಾಗುತ್ತವೆ. ಲಖನೌದ ಅಣುವನ್ನು ‘ಸಹೇಲಿ’ ಎಂದು ಮನೆಮನೆಗೆ ಮುಟ್ಟಿಸಿದ್ದು ಇದೇ ಕಂಪನಿ. 2016ರಲ್ಲಿ ಸರ್ಕಾರ ಇದನ್ನು ಕುಟುಂಬ ಯೋಜನೆಗೆ ಸೇರಿಸಿಕೊಂಡ ಮೇಲೆ ‘ಛಾಯಾ’ ಎಂಬ ಹೆಸರಿನಲ್ಲಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಸಿಗುವಂತಾಯಿತು. ಒಂದು ಮಾತ್ರೆಯಲ್ಲಿ 30 ಮಿಲಿಗ್ರಾಂ. ಮುಟ್ಟಾದ ಮೊದಲ ದಿನ ಶುರು ಮಾಡಿ, ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೆ ಒಂದೇ ಸಲ. ರವಿವಾರ ಶುರು ಮಾಡಿದವರು ರವಿವಾರ–ಬುಧವಾರ, ಮೂರು ತಿಂಗಳಾದ ಮೇಲೆ ಪ್ರತಿ ರವಿವಾರ. ಈ ಅಣು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುವುದರಿಂದ ಇದು ಸಾಧ್ಯ. ಮೊದಲ ಮೂರು ತಿಂಗಳ ಎರಡೆರಡು ಮಾತ್ರೆ ಮೈಯಲ್ಲಿ ದಾಸ್ತಾನು ಕಟ್ಟಲಿಕ್ಕೆ. ಇದರಲ್ಲಿ ಹಾರ್ಮೋನು ಇಲ್ಲ, ಅಂಡೋತ್ಪತ್ತಿಯನ್ನು ಇದು ನಿಲ್ಲಿಸುವುದಿಲ್ಲ, ಹಾಲೂಡಿಸುವ ತಾಯಂದಿರೂ ತೆಗೆದುಕೊಳ್ಳಬಹುದು. ಗರ್ಭಚೀಲದ ಒಳಪದರ ಭ್ರೂಣಕ್ಕೆ ಹೊತ್ತಿಗೆ ಸರಿಯಾಗಿ ಸಿದ್ಧವಾಗದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೆ. ಕೆಲವರಿಗೆ ಮುಟ್ಟು ತಡವಾಗುತ್ತದೆ. ಹೆದರಬೇಕಿಲ್ಲ, ಹದಿನೈದು ದಿನಕ್ಕಿಂತ ಮೇಲಾದರೆ ಗರ್ಭ ಪರೀಕ್ಷೆ ಮಾಡಿಸಬೇಕು. ಅಂಡಾಶಯದಲ್ಲಿ ನೀರುಗುಳ್ಳೆ ಇರುವವರು, ಇತ್ತೀಚೆಗೆ ಕಾಮಾಲೆ ಆದವರು, ಯಕೃತ್ತು–ಮೂತ್ರಪಿಂಡದ ತೊಂದರೆ ಅಥವಾ ಟಿ.ಬಿ. ಇರುವವರು ತೆಗೆದುಕೊಳ್ಳಬಾರದು. ಒಂದು ಮಾತ್ರೆ ಮರೆತು ಏಳು ದಿನ ದಾಟಿದರೆ ಮೊದಲಿನಿಂದ ಶುರು ಮಾಡಬೇಕು.

ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇಪ್ಪತ್ತೆರಡು, ಇಪ್ಪತ್ತಮೂರನೆಯ ವಯಸ್ಸಿಗೇ ಎರಡು ಮಕ್ಕಳಾಗಿ ಆಪರೇಷನ್ ಮುಗಿಸಿಬಿಡುವ ಊರು ನಮ್ಮದು. ವಾರಕ್ಕೊಂದು ಮಾತ್ರೆಯ ದಾರಿಯೂ ಇದೆ, ಬೇಡವಾದಾಗ ಬಿಡಬಹುದು, ಬಿಟ್ಟ ಮೇಲೆ ಮತ್ತೆ ಮಗು ಆಗುತ್ತದೆ ಎಂಬುದನ್ನು ಅವರಿಗೆ ಯಾರಾದರೂ ಕೂತು ಹೇಳಿದ್ದಾರೆಯೇ? ಹೇಳಿ ಆಮೇಲೆ ಆಪರೇಷನ್ ಆರಿಸಿಕೊಂಡರೆ ಅದು ಅವರ ಇಷ್ಟ. ಹೇಳದೆ ಮಾಡಿಸಿದರೆ ಅದನ್ನು ಇಷ್ಟ ಅನ್ನಲಾಗದು.

ಇದಕ್ಕಿಂತ ನೋವಿನ ಮಾತು ಇನ್ನೊಂದಿದೆ. ಪಕ್ಕದ ರಾಣೇಬೆನ್ನೂರಿನಲ್ಲಿ ಕಳೆದ ದಶಕದಲ್ಲಿ ನೂರಾರು ಬಡ ಹೆಂಗಸರ ಗರ್ಭಚೀಲವನ್ನು ಅಗತ್ಯವಿಲ್ಲದೆ ತೆಗೆದರು ಎಂಬ ಆರೋಪ, ತನಿಖೆ, ಹೋರಾಟ ನಿಮಗೆಲ್ಲ ಗೊತ್ತಿದ್ದದ್ದೇ. ಅವರಲ್ಲಿ ಬಹಳ ಮಂದಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು. ಹೊಲದಲ್ಲಿ ದುಡಿದೇ ಉಣ್ಣುವವರು. ಪರಿಹಾರ ಕೇಳಿ ಅವರು ಬೀದಿಗಿಳಿದರು. ಆಪರೇಷನ್ ಆದ ಮೇಲೆ ಸೊಂಟ ನೋವು, ಸುಸ್ತು, ಮೊದಲಿನಂತೆ ಕೂಲಿಗೆ ಹೋಗಲಾಗದು ಎಂಬುದು ಅವರ ದೂರು. ‘ಬಿಳಿ ಹೋಗತದ, ಬಾಳ ರಕ್ತ ಹೋಗತದ ಅಂತ ಹ್ವಾದ್ರ, ಚೀಲಾನ ತಗಸ್ರಿ ಅಂದ್ರು’ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಯಾವ ಕಟ್ಟೆಯ ಮೇಲೆ ಕೂತರೂ ಕೇಳಬಹುದು. ಗಂಟು, ಹುಣ್ಣು, ಕ್ಯಾನ್ಸರ್ ಇಲ್ಲದೆ ಬರೀ ಹಾರ್ಮೋನಿನ ಏರುಪೇರಿನಿಂದ ಆಗುವ ಅತಿಸ್ರಾವಕ್ಕೆ ಔಷಧಗಳಿವೆ. ಅವುಗಳಲ್ಲಿ ಒಂದು ಇದೇ ಆರ್ಮೆಲಾಕ್ಸಿಫೀನ್: 60 ಮಿಲಿಗ್ರಾಂ, ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ಮೂರು ತಿಂಗಳು ವಾರಕ್ಕೆ ಒಂದು ಸಲ. ಗರ್ಭಚೀಲದ ಒಳಪದರ ಈಸ್ಟ್ರೋಜನ್ನಿನ ಮಾತು ಕೇಳಿ ದಪ್ಪವಾಗುವುದನ್ನು ಇದು ತಡೆಯುತ್ತದೆ. ಎಲ್ಲರಿಗೂ ಇದೇ ಸಾಕು ಅನ್ನಲಾರೆ. ಕೆಲವರಿಗೆ ಆಪರೇಷನ್ ಬೇಕೇ ಬೇಕು. ಆದರೆ ಮಾತ್ರೆ ಕೊಟ್ಟು ನೋಡದೆ, ಸ್ಕ್ಯಾನ್ ಮಾಡಿಸದೆ, ಮೊದಲ ದಿನವೇ ಚೀಲ ತೆಗೆಯುವುದು ವೈದ್ಯವಲ್ಲ. ಮೂವತ್ತರ ಹರೆಯದಲ್ಲಿ ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ನಿಲ್ಲುತ್ತದೆ, ಎಲುಬು ಬೇಗ ಸವೆಯುತ್ತದೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಚೀಲ ಆಪರೇಷನ್‌ಗಳ ಮೇಲೆ ಕಣ್ಣಿಡುವ ಮಾರ್ಗಸೂಚಿಗಳನ್ನು ಜಾರಿಗೆ ತನ್ನಿ ಎಂದು ರಾಜ್ಯಗಳಿಗೆ ಹೇಳಿದೆ. ಆ ಮಾರ್ಗಸೂಚಿ ಕನ್ನಡದಲ್ಲಿ ಪ್ರತಿ ಆಸ್ಪತ್ರೆಯ ಗೋಡೆಯ ಮೇಲೆ ಇರಬೇಕು.

ಗೊಟಗೋಡಿಯಲ್ಲಿ ನಮ್ಮದೇ ಜಾನಪದ ವಿಶ್ವವಿದ್ಯಾಲಯ ಇದೆ. ಮುಟ್ಟು, ಬಸಿರು, ಬಾಣಂತನದ ಬಗ್ಗೆ ಹೆಣ್ಣುಮಕ್ಕಳು ತಮ್ಮ ತಮ್ಮಲ್ಲಿ ಹೇಗೆ ಮಾತಾಡುತ್ತಾರೆ ಎಂಬುದನ್ನು ಬಲ್ಲವರು ಅಲ್ಲಿದ್ದಾರೆ. ಆರೋಗ್ಯ ಇಲಾಖೆ ಅವರನ್ನು ಕೂಡಿಸಿಕೊಂಡು ಛಾಯಾದ ಚೀಟಿ ಬರೆಸಿದರೆ, ಅದನ್ನು ತಾಂಡಾದ ಹೆಂಗಸೂ ಓದಿಸಿಕೊಂಡು ತಿಳಿದಾಳು.

ಕೊನೆಗೆ ಆ ರಿಪೋರ್ಟಿನ ಮಾತು. ನಮ್ಮ ದೇಶದ ಹೆಂಗಸರಲ್ಲಿ ಇವತ್ತು ಅತಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರ್. ಗಂಟಿನ ಚೂರನ್ನು ತೆಳ್ಳಗೆ ಕೊಯ್ದು, ಗ್ರಾಹಕಕ್ಕೆ ಅಂಟುವ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗಿದರೆ ಗ್ರಾಹಕ ಇದೆ ಎಂದರ್ಥ. ನೂರರಲ್ಲಿ ಒಂದು ಕೋಶ ಕಂದಾದರೂ ಪಾಸಿಟಿವ್ ಎಂದು ಲೆಕ್ಕ. ಪಾಸಿಟಿವ್ ಆದವರಿಗೆ ಹಾರ್ಮೋನು ತಡೆಯುವ ಮಾತ್ರೆ ಸಿಗಬೇಕು. ನೆಗೆಟಿವ್ ಆದವರಿಗೆ ಅದರಿಂದ ಉಪಯೋಗವಿಲ್ಲ. ಮುಟ್ಟು ನಿಲ್ಲದವರಿಗೆ ಸಾಮಾನ್ಯವಾಗಿ ಟಮಾಕ್ಸಿಫೆನ್. ಮುಟ್ಟು ನಿಂತವರಿಗೆ ಲೆಟ್ರೋಜೋಲ್‌ನಂಥ ಮಾತ್ರೆ. ಇದು ಗ್ರಾಹಕದ ತಂಟೆಗೆ ಹೋಗದೆ ಈಸ್ಟ್ರೋಜನ್ ತಯಾರಾಗುವುದನ್ನೇ ನಿಲ್ಲಿಸುತ್ತದೆ. ಹಾನಗಲ್ಲಿನ ಮಾವಿನ ತೋಟದವರು ಇಲ್ಲಿದ್ದರೆ ಅವರಿಗೊಂದು ಸಂಗತಿ ಹೇಳುತ್ತೇನೆ. ಮಾವು ಬೇಗ ಹೂ ಬಿಡಲಿ ಎಂದು ಬುಡಕ್ಕೆ ಹಾಕುವ ‘ಕಲ್ಟಾರ್’, ಅಂದರೆ ಪ್ಯಾಕ್ಲೋಬ್ಯೂಟ್ರಜೋಲ್, ಗಿಡದಲ್ಲಿ ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ. ಲೆಟ್ರೋಜೋಲ್ ಮತ್ತು ಕಲ್ಟಾರ್ ಎರಡರಲ್ಲೂ ಟ್ರಯಜೋಲ್ ಎಂಬ ಒಂದೇ ಬಗೆಯ ಉಂಗುರ ಇದೆ. ಎರಡೂ ಅದೇ ಉಂಗುರದ ನೈಟ್ರೋಜನ್ನಿನಿಂದ, ಹಾರ್ಮೋನು ತಯಾರಿಸುವ ಕಿಣ್ವದ ಕಬ್ಬಿಣದ ಪರಮಾಣುವನ್ನು ಹಿಡಿದು ಕೆಲಸ ನಿಲ್ಲಿಸುತ್ತವೆ. ಮರದ ಮೈಗೂ ಮನುಷ್ಯರ ಮೈಗೂ ರಸಾಯನ ಒಂದೇ.

ಗಂಟಿನ ಚೂರಿನ ಆ ಗ್ರಾಹಕ ಪರೀಕ್ಷೆ ಸರಿಯಾಗಬೇಕಾದರೆ ಚೂರು ತೆಗೆದ ಕ್ಷಣದಿಂದ ಎಚ್ಚರ ಬೇಕು. ಗಂಟನ್ನು ಒಂದು ತಾಸಿನೊಳಗೆ ಶೇಕಡ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ, ತುಂಬ ದೊಡ್ಡದಿದ್ದರೆ ಸೀಳಿ, ಮುಳುಗುವಷ್ಟು ದ್ರಾವಣದಲ್ಲಿ ಇಡಬೇಕು. ಆರು ತಾಸಿಗಿಂತ ಕಡಿಮೆ, ಎಪ್ಪತ್ತೆರಡು ತಾಸಿಗಿಂತ ಹೆಚ್ಚು ಇಡಬಾರದು. ಉಪ್ಪುನೀರಿನ ಡಬ್ಬಿಯಲ್ಲಿ ಹಾಕಿ, ಬಸ್ಸಿನಲ್ಲಿ ಯಾರದೋ ಕೈಯಲ್ಲಿ ಮರುದಿನ ಕಳಿಸಿದರೆ ಗ್ರಾಹಕ ಹಾಳಾಗಿ, ಇದ್ದದ್ದು ಇಲ್ಲ ಎಂದು ಬರುತ್ತದೆ. ಆ ಒಂದು ತಪ್ಪು ನೆಗೆಟಿವ್‌ನಿಂದ ಆ ತಾಯಿ ಐದು ವರ್ಷದ ಅಗ್ಗದ ಮಾತ್ರೆಯನ್ನೂ, ಅದು ಕೊಡಬಹುದಾಗಿದ್ದ ಆಯುಷ್ಯವನ್ನೂ ಕಳೆದುಕೊಳ್ಳುತ್ತಾಳೆ.

ತಾಲ್ಲೂಕು ಆಸ್ಪತ್ರೆಯ ಮತ್ತು ಖಾಸಗಿ ನರ್ಸಿಂಗ್ ಹೋಮಿನ ವೈದ್ಯರಲ್ಲಿ ನನ್ನ ವಿನಂತಿ: ಆಪರೇಷನ್ ಕೋಣೆಯಲ್ಲಿ ಫಾರ್ಮಲಿನ್ ಡಬ್ಬಿಯನ್ನು ಮೊದಲೇ ತುಂಬಿಡಿ, ಚೂರು ತೆಗೆದ ಹೊತ್ತನ್ನು ಡಬ್ಬಿಯ ಮೇಲೆ ಬರೆಯಿರಿ. ಆಶಾ ಅಕ್ಕಂದಿರಲ್ಲಿ: ಛಾಯಾ ಕೊಡುವಾಗ ಐದು ನಿಮಿಷ ಕೂತು ಹೇಳಿ, ಟಮಾಕ್ಸಿಫೆನ್ ತೆಗೆದುಕೊಳ್ಳುವವರ ಮನೆಗೆ ಹೋದಾಗ ಮಾತ್ರೆ ನಿಲ್ಲಿಸಿದ್ದಾರೆಯೇ ನೋಡಿ, ಗುಣ ಆಯಿತು ಎಂದು ಎರಡು ವರ್ಷಕ್ಕೇ ಬಿಡುವವರು ಬಹಳ. ಮನೆಯವರಲ್ಲಿ: ಎದೆಯ ಗಂಟಿನ ಆಪರೇಷನ್ ಆದ ಮೇಲೆ ‘ಇಆರ್ ರಿಪೋರ್ಟ್ ಎಲ್ಲಿ ಸರ?’ ಎಂದು ಕೇಳಿ ಪಡೆಯಿರಿ, ಅದರ ಒಂದು ಝೆರಾಕ್ಸ್ ಮನೆಯಲ್ಲಿ ಇಡಿ. ಗರ್ಭಚೀಲ ತೆಗೆಯಬೇಕು ಎಂದಾಗ, ಮಾತ್ರೆಯಿಂದ ಆಗುವುದಿಲ್ಲವೇ ಎಂದು ಕೇಳಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಆಮೇಲೆ ಸಹಿ ಮಾಡಿ.